ಪರಪ್ಪನ ಅಂಗಿ ಮತ್ತು ನೋವು ಮುಚ್ಚಿಟ್ಟ ಇಲಿಗಳು

ಬೈಲಹೊಂಗಲದ ಹೊರವಲಯದಲ್ಲಿರುವ ಒಂದು ಫಾರ್ಮಸಿ ಕಾಲೇಜಿನ ಹಿಂದುಗಡೆ, ಸೈಕಲ್ ಸ್ಟ್ಯಾಂಡ್ ದಾಟಿದ ಮೇಲೆ, ಪ್ರಾಣಿಗಳ ಕೋಣೆ ಇದೆ. ಅದರೊಳಗೆ ನೂರಾ ನಲವತ್ತು ಬಿಳಿ ಇಲಿಗಳೂ ಹನ್ನೆರಡು ಮೊಲಗಳೂ ಇವೆ. ಅವುಗಳನ್ನು ನೋಡಿಕೊಳ್ಳುವವನು ಪರಪ್ಪ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಅವನು ಅಟೆಂಡರ್. ಊರಲ್ಲಿ ಇಲಿ ಪರಪ್ಪ.

ಅವನು ಹುಟ್ಟಿದ್ದು ದೊಡವಾಡದಲ್ಲಿ. ಏಳನೆಯ ಇಯತ್ತೆ ಮುಗಿಸಿ ಬೈಲಹೊಂಗಲಕ್ಕೆ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿಗೆ ಸೇರಿದ. ಕಡಲೆ ಚೀಲಕ್ಕೆ ಬೀಳುವ ಇಲಿಗಳನ್ನು ಬಡಿಯುವ ಕೆಲಸವೂ ಅಲ್ಲಿ ಹಮಾಲರದ್ದೇ ಆಗಿತ್ತು. ಹೀಗೆ ಆರು ವರ್ಷ ಇಲಿ ಕೊಂದ ಮೇಲೆ, ಕಾಲೇಜಿನಲ್ಲಿ ಇಲಿ ಸಾಕುವ ಕೆಲಸ ಖಾಲಿ ಇದೆ ಎಂದು ತಿಳಿಯಿತು. ಸಂದರ್ಶನದಲ್ಲಿ, ಇಲಿಗಳ ಜೊತೆ ಅನುಭವ ಇದೆಯೇ ಎಂದು ಕೇಳಿದರು. "ಐತ್ರಿ, ಆರ ವರ್ಷ" ಎಂದ. ಎಂಥ ಅನುಭವ ಎಂದು ಯಾರೂ ಕೇಳಲಿಲ್ಲ.

ಮೊದಲ ವಾರ ನಾಲ್ಕು ಇಲಿಗಳು ಕಚ್ಚಿದವು. ಆಮೇಲೆ ಕಚ್ಚಲಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಪರಪ್ಪ ಸಾವಿರಾರು ಇಲಿಗಳನ್ನು ಕೈಯಲ್ಲಿ ಹಿಡಿದ. ಹುಡುಗರ ಕೈಯಲ್ಲಿ ಒದ್ದಾಡಿ ಕಿಚಗುಟ್ಟುವ ಇಲಿ ಅವನ ಅಂಗೈಗೆ ಬಂದ ಕೂಡಲೇ ತಣ್ಣಗಾಗುತ್ತಿತ್ತು. ಕಣ್ಣು ಅರಳಿಸಿ, ಮೀಸೆ ಅಲುಗಿಸದೆ ಸುಮ್ಮನೆ ಕೂರುತ್ತಿತ್ತು. ಪರಪ್ಪನ ಕೈಗುಣ ಎಂದು ಎಲ್ಲರೂ ಹೇಳುತ್ತಿದ್ದರು. ಅವನು ಅದನ್ನು ಅಲ್ಲಗಳೆಯಲಿಲ್ಲ. ಮಡದಿ ಸುಂದರವ್ವನ ಮುಂದೆ ಮಾತ್ರ ಒಮ್ಮೊಮ್ಮೆ ಹೇಳುತ್ತಿದ್ದ: "ಅವಕ್ಕ ನನ್ನ ಕಂಡ್ರ ಮಾಯೆ, ಭಾಳ ಪ್ರೀತಿ."

ಆ ಕೋಣೆಯಲ್ಲಿ ಹೆಚ್ಚಾಗಿ ನಡೆಯುತ್ತಿದ್ದದ್ದು ನೋವಿನ ಔಷಧಗಳ ಪರೀಕ್ಷೆ. ಹೀಗಾಗಿ ನೋವಿನ ಗುಳಿಗೆಗಳ ಬಗ್ಗೆ ಪರಪ್ಪನಿಗೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಗೊತ್ತಿತ್ತು. ಓಣಿಯವರು ಎಮ್ಮೆ, ನಾಯಿ, ಕೋಳಿ ಎಲ್ಲವಕ್ಕೂ ಅವನನ್ನು ಕೇಳುತ್ತಿದ್ದರು. ಅವನು ಎಲ್ಲರಿಗೂ ಒಂದೇ ಔಷಧ ಹೇಳುತ್ತಿದ್ದ: ದನದ ದವಾಖಾನೆಗೆ ಹೋಗಿರಿ. ಒಮ್ಮೆ ಮಗ್ಗುಲ ಮನೆಯ ಶಂಕ್ರೆಪ್ಪ, ಕಾಲು ಬಾತಿದ್ದ ತನ್ನ ಬೆಕ್ಕಿಗೆ ಪ್ಯಾರಾಸಿಟಮಾಲ್ ಗುಳಿಗೆ ಅರ್ಧ ಮುರಿದು ಹಾಲಿನಲ್ಲಿ ಕಲಸುತ್ತಿದ್ದ. ಪರಪ್ಪ ಆ ಬಟ್ಟಲನ್ನು ಕಸಿದು ಗಟಾರಕ್ಕೆ ಚೆಲ್ಲಿದ.

"ನನ್ನ ಮೊಮ್ಮಗಗ ಇದ ಕೊಡತಾರಲ್ಲೋ ಡಾಕ್ಟರು" ಎಂದ ಶಂಕ್ರೆಪ್ಪ.

"ನಿನ್ನ ಮೊಮ್ಮಗ ಬೆಕ್ಕಲ್ಲ. ಇಲಿ ತಡಕೋತೈತಿ, ಮನಷ್ಯಾ ತಡಕೋತಾನ, ಬೆಕ್ಕಿಗಿ ಇದು ವಿಷ. ರಕ್ತ ಕೆಟ್ಟ ಸಾಯತೈತಿ."

ಶಂಕ್ರೆಪ್ಪ ಹಾಲು ಹೋಯಿತೆಂದು ಎರಡು ತಿಂಗಳು ಮಾತು ಬಿಟ್ಟ. ಬೆಕ್ಕು ಬದುಕಿತು.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ರಾಮದುರ್ಗದ ಪೂನಮ್ ಎಂಬ ಎಂ.ಫಾರ್ಮ್ ವಿದ್ಯಾರ್ಥಿನಿ ತನ್ನ ಪ್ರಬಂಧದ ಕೆಲಸ ಶುರು ಮಾಡಿದಳು. ಅವಳಿಗೆ ಮಾರ್ಗದರ್ಶಕಿ ಶೈಲಜಾ ಮೇಡಂ. ವಿಷಯ ಸರಳವಾಗಿತ್ತು. ಎಲ್ಲರ ಮನೆಯಲ್ಲೂ ಇರುವ ಮೂರು ನೋವಿನ ಔಷಧಗಳನ್ನು, ಅಂದರೆ ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೋಫೆನಾಕ್‌ಗಳನ್ನು, ಬಾಯಿಂದ ಕೊಟ್ಟರೆ ಬಾವಿನ ನೋವು ಎಷ್ಟು ಇಳಿಯುತ್ತದೆ ಎಂದು ನೋಡುವುದು. ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಸಮಿತಿಯ ಅನುಮತಿ ಬಂತು. ಇಪ್ಪತ್ನಾಲ್ಕು ಇಲಿಗಳನ್ನು ಆರಾರರಂತೆ ನಾಲ್ಕು ಗುಂಪು ಮಾಡಿದರು. ಮೂರು ಗುಂಪಿಗೆ ಮೂರು ಔಷಧ. ನಾಲ್ಕನೆಯದಕ್ಕೆ ಬರೀ ನೀರು.

ಇಲಿಯ ಹಿಂಗಾಲಿನ ಪಾದಕ್ಕೆ ಒಂದು ಸೂಜಿ ಚುಚ್ಚುತ್ತಾರೆ. ಅದರಲ್ಲಿ ಸಮುದ್ರದ ಪಾಚಿಯಿಂದ ತೆಗೆದ ಒಂದು ಪುಡಿಯ ದ್ರಾವಣ ಇರುತ್ತದೆ. ಮೂರು ತಾಸಿನಲ್ಲಿ ಪಾದ ಬಾತು ಕೆಂಪಗಾಗುತ್ತದೆ. ಬಾವು ಎಷ್ಟು ಎನ್ನುವುದನ್ನು ಪಾದವನ್ನು ಒಂದು ಕೊಳವೆಯ ನೀರಿನಲ್ಲಿ ಅದ್ದಿ, ನೀರು ಎಷ್ಟು ಏರಿತು ಎಂದು ನೋಡಿ ಅಳೆಯುತ್ತಾರೆ. ನೋವು ಎಷ್ಟು ಎನ್ನುವುದಕ್ಕೆ ಇಲಿಯನ್ನು ಗಾಜಿನ ಹಲಗೆಯ ಮೇಲೆ ಬಿಟ್ಟು, ಕೆಳಗಿನಿಂದ ಪಾದಕ್ಕೆ ಬಿಸಿ ಬೆಳಕು ಹಾಯಿಸುತ್ತಾರೆ. ಇಲಿ ಕಾಲೆತ್ತಿದ ಕೂಡಲೇ ಬೆಳಕು ಆರುತ್ತದೆ, ಗಡಿಯಾರ ನಿಲ್ಲುತ್ತದೆ. ನೆಟ್ಟಗಿರುವ ಕಾಲಾದರೆ ಹತ್ತು ಸೆಕೆಂಡು ಹಿಡಿಯುತ್ತದೆ. ಬಾತ ಕಾಲಾದರೆ ನಾಲ್ಕಕ್ಕೇ ಎತ್ತಿಬಿಡುತ್ತದೆ. ಔಷಧ ಕೆಲಸ ಮಾಡಿದರೆ ಏಳೋ ಎಂಟೋ ಆಗಬೇಕು. ಬರೀ ನೀರು ಕುಡಿದದ್ದು ನಾಲ್ಕರಲ್ಲೇ ನಿಲ್ಲಬೇಕು.

ಪರಪ್ಪ ಇಲಿಯನ್ನು ಹಿಡಿಯುತ್ತಿದ್ದ. ಪೂನಮ್ ತುದಿಗೆ ಸಣ್ಣ ಗುಂಡಿರುವ ಉಕ್ಕಿನ ನಳಿಕೆಯಿಂದ ಗಂಟಲಿಗೆ ಔಷಧ ಇಳಿಸುತ್ತಿದ್ದಳು. ಆಮೇಲೆ ಪರಪ್ಪ ಗೋಡೆಗೆ ಒರಗಿ ನಿಲ್ಲುತ್ತಿದ್ದ, ಅವಳು ಗಡಿಯಾರ ನೋಡುತ್ತಿದ್ದಳು.

ಐಬುಪ್ರೊಫೇನ್ ಮತ್ತು ಡೈಕ್ಲೋಫೆನಾಕ್ ನೋವನ್ನೂ ಇಳಿಸಿದವು, ಬಾವನ್ನೂ ಇಳಿಸಿದವು. ಪ್ಯಾರಾಸಿಟಮಾಲ್ ನೋವು ಇಳಿಸಿತು, ಬಾವಿನ ತಂಟೆಗೆ ಅಷ್ಟಾಗಿ ಹೋಗಲಿಲ್ಲ. ಇದೆಲ್ಲ ಪುಸ್ತಕದಲ್ಲಿ ಇದ್ದಂತೆಯೇ ಇತ್ತು. ಪುಸ್ತಕದಲ್ಲಿ ಇಲ್ಲದ್ದು ನಾಲ್ಕನೆಯ ಗುಂಪು. ನೀರು ಕುಡಿದ ಇಲಿಗಳ ಪಾದ ಬದನೆಕಾಯಿಯಂತೆ ಬಾತಿತ್ತು. ಆದರೂ ಆರೂವರೆ ಸೆಕೆಂಡಿನವರೆಗೆ ಅವು ಕಾಲೆತ್ತಲಿಲ್ಲ.

"ನೀರಿನಾಗ ಔಷಧ ಐತೇನ್ ಕಾಕಾ?" ಎಂದು ಪೂನಮ್ ನಗುತ್ತಲೇ ಕೇಳಿದಳು.

"ಕಾರ್ಪೊರೇಶನ್ ನೀರವ್ವ, ಏನಿರತೈತೋ ಯಾರಿಗಿ ಗೊತ್ತ" ಎಂದ ಪರಪ್ಪ. ಬೈಲಹೊಂಗಲದಲ್ಲಿ ಇರುವುದು ಪುರಸಭೆ. ಇಬ್ಬರೂ ಅದನ್ನು ತಿದ್ದಲಿಲ್ಲ.

ಹೊಸ ಇಲಿಗಳನ್ನು ತೆಗೆದುಕೊಂಡು ಮತ್ತೆ ಮಾಡಿದರು. ಮತ್ತೆ ಅದೇ. ಮೂರನೆಯ ಸಲ ಮಾಡುವ ದಿನ ಪರಪ್ಪ ದೊಡವಾಡದಲ್ಲಿ ಬಸುರಿಯಾದ ಅಣ್ಣನ ಮಗಳ ಕುಬಸಕ್ಕೆ ಹೋಗಿದ್ದ. ಅವತ್ತು ಪೂನಮ್ ಮತ್ತು ಶೈಲಜಾ ಇಬ್ಬರೇ ಇಲಿ ಹಿಡಿದು, ಇಬ್ಬರೂ ಕಚ್ಚಿಸಿಕೊಂಡು, ಕೆಲಸ ಮುಗಿಸಿದರು. ನೀರು ಕುಡಿದ ಇಲಿಗಳು ಸರಿಯಾಗಿ ನಾಲ್ಕು ಸೆಕೆಂಡಿಗೆ ಕಾಲೆತ್ತಿದವು.

ಶೈಲಜಾ ಆ ಅಂಕಿಗಳನ್ನು ಎರಡು ದಿನ ನೋಡಿದರು. ಪರಪ್ಪ ಇದ್ದ ದಿನ ನೀರು ಕುಡಿದ ಇಲಿಗಳಿಗೆ ನೋವು ಕಡಿಮೆ, ಬಾವು ಹಾಗೆಯೇ. ಪರಪ್ಪ ಇಲ್ಲದ ದಿನ ಎಲ್ಲ ಸರಿ. ನೋವು ಇಳಿಸಿ ಬಾವು ಬಿಡುವ ಗುಳಿಗೆ ಯಾವುದು ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಪರಪ್ಪನನ್ನು ತಮ್ಮ ಕೋಣೆಗೆ ಕರೆಸಿದರು.

"ಪರಪ್ಪ, ಇಲಿಗಳ ಮ್ಯಾಲೆ ನಿಮಗ ಕರುಣಾ ಭಾಳ ಅಂತ ನನಗ ಗೊತ್ತೈತಿ" ಎಂದು ಶುರು ಮಾಡಿದರು.

"ಹೌದ್ರಿ."

"ಕರುಣಾದಿಂದ ಯಾರರ ಅವುಗಳ ನೀರಿನ ಬಾಟಲ್ಯಾಗ ಗುಳಗಿ ಹಾಕಿದ್ರ, ಅದು ತಪ್ಪಂತ ಅವ್ರಿಗಿ ಅನಸಲಿಕ್ಕಿಲ್ಲ."

ಪರಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಅಂಗಿಯ ಕಿಸೆಗೆ ಕೈ ಹಾಕಿದ. ಅಲ್ಲಿ ಎಲೆ ಅಡಿಕೆಯ ಚೀಲ, ಬಸ್ಸಿನ ಟಿಕೆಟ್ಟು, ಮತ್ತು ನಾಲ್ಕು ಗುಳಿಗೆ ತಿಂದು ಉಳಿದ ಒಂದು ಪ್ಯಾರಾಸಿಟಮಾಲ್ ಪಟ್ಟಿ ಇದ್ದವು. ಕುಬಸದ ಊಟದ ಮರುದಿನದಿಂದ ಅವನಿಗೆ ಮೈ ಬಿಸಿ ಇತ್ತು. ಮೂರನ್ನೂ ತೆಗೆದು ಮೇಜಿನ ಮೇಲೆ ಇಟ್ಟ. ಇಡಬಾರದಿತ್ತು ಎಂದು ಇಟ್ಟ ಮೇಲೆ ಅನ್ನಿಸಿತು.

ಶೈಲಜಾ ಪಟ್ಟಿಯನ್ನು ನೋಡಿದರು.

"ಇದು ನನಗ ಜ್ವರ ಬಂದಿತ್ರಿ."

"ಇರಲಿ."

"ಇರಲಿ ಅಂದ್ರ ನಂಬಿದಂಗೋ, ನಂಬಲಾರದಂಗೋ ಮೇಡಂರೀ?"

ಅವರು ಪಟ್ಟಿಯನ್ನು ಅವನ ಕಡೆಗೆ ಸರಿಸಿದರು. ಪರಪ್ಪ ನಿಂತೇ ಇದ್ದ. ಆಮೇಲೆ ನಿಧಾನವಾಗಿ ಒಂದು ಮಾತು ಹೇಳಿದ. "ಹಂಗಾರ ಒಂದ ಕೆಲಸ ಮಾಡ್ರಿ. ನೀರು, ಕಾಳು, ಬಾಟಲಿ ಎಲ್ಲಾ ನೀವ ಇಡ್ರಿ. ಕೀಲಿ ನಿಮ್ಮ ಕಡೆನ ಇರಲಿ. ನಾ ಒಂದೂ ಇಲಿ ಮುಟ್ಟೂದಿಲ್ಲ. ಕೈ ಹಿಂದ ಕಟಗೊಂಡ ಗ್ವಾಡಿಗಿ ನಿಂದರತೇನಿ, ಅಷ್ಟ. ಆಗ ನಾಕು ಬಂದ್ರ ನಾ ಕಳ್ಳ. ಆರೂವರಿ ಬಂದ್ರ ನೀವ ಏನರ ಓದಿ ಹೇಳ್ರಿ."

ವಿಜ್ಞಾನ ಓದಿದವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ತಟ್ಟನೆ ಹೊಳೆಯುವುದಿಲ್ಲ. ಶೈಲಜಾ ಒಪ್ಪಿದರು. ನಾಲ್ಕು ದಿನ ಕೀಲಿಕೈ ಅವರ ಚೀಲದಲ್ಲೇ ಇತ್ತು. ಆ ನಾಲ್ಕು ದಿನ ಪರಪ್ಪ ಪ್ರಾಣಿಗಳ ಕೋಣೆಯ ಹೊರಗೆ ಸ್ಟೂಲು ಹಾಕಿಕೊಂಡು ಕುಳಿತ. ಏನು ಮಾಡುತ್ತಿದ್ದೀ ಎಂದು ಕೇಳಿದವರಿಗೆ "ಸಸ್ಪೆಂಡ್ ಆಗೇನಿ, ಒಂದ ಗ್ವಾಡಿ ದೂರಕ್ಕ" ಎನ್ನುತ್ತಿದ್ದ.

ಪರೀಕ್ಷೆಯ ದಿನ ಅವನು ಕೈ ಹಿಂದೆ ಕಟ್ಟಿ ಗೋಡೆಗೆ ನಿಂತ. ಕೆಮ್ಮಲೂ ಇಲ್ಲ. ನೀರು ಕುಡಿದ ಮೊದಲನೆಯ ಇಲಿ ಆರು ಸೆಕೆಂಡಿಗೆ ಕಾಲೆತ್ತಿತು. ಎರಡನೆಯದು ಏಳಕ್ಕೆ. ಆರೂ ಇಲಿಗಳು ಮುಗಿದಾಗ ಸರಾಸರಿ ಆರೂವರೆಯೇ ಬಂತು. ಪೂನಮ್ ಗಡಿಯಾರವನ್ನು ಅಲ್ಲಾಡಿಸಿ ನೋಡಿದಳು. ಶೈಲಜಾ ಪರಪ್ಪನನ್ನು ನೋಡಿದರು. ಅವನು ಗೋಡೆಯನ್ನು ನೋಡುತ್ತಿದ್ದ.

"ಪರಪ್ಪ, ನನ್ನದ ತಪ್ಪಾತು" ಎಂದರು ಅವರು, ಎಲ್ಲರ ಎದುರೇ.

"ಆಗಲಿ ಬಿಡ್ರಿ. ಈಗ ಏನಂತ ಓದಿ ಹೇಳ್ರಿ."

ಓದಲು ಒಂದು ವಾರ ಹಿಡಿಯಿತು. ಹೊರದೇಶದವರು ಇದನ್ನು ಮೊದಲೇ ಕಂಡು ಒಂದು ಲೇಖನ ಬರೆದಿದ್ದರು. ಗಂಡಸಿನ ಮೈವಾಸನೆ ಮೂಗಿಗೆ ಬಿದ್ದರೆ ಇಲಿಗೆ ಒಳಗೊಳಗೇ ದಿಗಿಲು ಹುಟ್ಟುತ್ತದೆ. ದಿಗಿಲಾದಾಗ ಅದರ ಮೈಯೇ ನೋವನ್ನು ತುಸು ಹೊತ್ತು ಅದುಮಿ ಹಿಡಿಯುತ್ತದೆ. ಬೇಟೆಯಾಗುವ ಪ್ರಾಣಿ, ಕುಂಟಿದ್ದು ಕಂಡರೆ ಸತ್ತಂತೆ. ಹಾಗಾಗಿ ಗಂಡಸು ಕೋಣೆಯಲ್ಲಿ ಇದ್ದರೆ, ಏನೂ ಕೊಡದ ಇಲಿಯೂ ಗುಳಿಗೆ ನುಂಗಿದಂತೆ ತೋರುತ್ತದೆ. ಹೆಂಗಸು ಇದ್ದರೆ ಹಾಗೆ ಆಗುವುದಿಲ್ಲ. ಇದನ್ನು ನೋಡಲು ಗಂಡಸು ಖುದ್ದು ಬೇಕಾಗಿಯೂ ಇಲ್ಲ, ಅವನು ತೊಟ್ಟ ಅಂಗಿ ಸಾಕು.

ಶೈಲಜಾ ಇದನ್ನು ಪರಪ್ಪನಿಗೆ ಬಹಳ ಸಂಕೋಚದಿಂದ ವಿವರಿಸಿ, ಕೊನೆಗೆ ಕೇಳಿದರು: "ನೀವು ಎರಡ ದಿನ ತೊಟ್ಟ ಅಂಗಿ ಒಂದ ಬೇಕಾಗಿತ್ತು. ಒಗೀಬಾರದು."

ಪರಪ್ಪ ಯೋಚಿಸಿದ. "ಕೊಡತೇನ್ರಿ. ಆದ್ರ ನನ್ನೊಬ್ಬನ ಅಂಗಿ ಆದ್ರ ಬ್ಯಾಡ."

"ಯಾಕ?"

"ಪರಪ್ಪನ ಮೈವಾಸನಿಗಿ ಇಲಿ ಸುದ್ದಾ ಅಂಜತಾವ ಅಂತ ಪುಸ್ತಕದಾಗ ಬರೀತೀರಿ. ನಮ್ಮ ಮಂದಿ ಮೈ ಬಗ್ಗೆ ಈ ಸೀಮ್ಯಾಗ ಹಿಂದಿನಿಂದ ಭಾಳ ಮಾತ ಆಗ್ಯಾವ ಮೇಡಂರೀ. ಅದಕ್ಕಿನ್ನ ಇಲಿ ಸಾಕ್ಷಿ ಬ್ಯಾಡ. ಪ್ರಿನ್ಸಿಪಾಲ ಸಾಹೇಬರದೂ ಒಂದ ಅಂಗಿ ತರ್ರಿ."

ಶೈಲಜಾ ಎದ್ದು ನೇರ ಪ್ರಿನ್ಸಿಪಾಲರ ಕೋಣೆಗೆ ಹೋದರು. ಪ್ರಿನ್ಸಿಪಾಲ ನಿಜಗುಣಪ್ಪನವರು ಶಿಸ್ತಿನ ಮನುಷ್ಯ. ಹಣೆಗೆ ವಿಭೂತಿ, ಮೈಗೆ ಇಸ್ತ್ರಿ ಮುರಿಯದ ಬಿಳಿ ಅಂಗಿ. ಎಲ್ಲವನ್ನೂ ಕೇಳಿ, "ಸಂಶೋಧನಾಕ್ಕಂದ್ರ ಕೊಡಬೇಕಾಗತೈತಿ. ಒಗದದ್ದೋ, ಒಗೀಲಾರದ್ದೋ?" ಎಂದರು.

"ಒಗೀಲಾರದ್ದ ಸರ್. ಎರಡ ದಿನ ತೊಟ್ಟದ್ದು."

ಅವರ ಜೀವನದಲ್ಲಿ ಎರಡು ದಿನ ತೊಟ್ಟ ಅಂಗಿ ಅದೊಂದೇ. ಎರಡನೆಯ ದಿನ ಅವರು ಯಾವ ಸಭೆಗೂ ಹೋಗಲಿಲ್ಲ.

ಪರಪ್ಪನ ಮನೆಯಲ್ಲಿ ಸುಂದರವ್ವ ಅಂಗಿ ಕಳಿಸಲು ಒಪ್ಪಲಿಲ್ಲ. "ಮೈಲಿಗಿ ಅಂಗಿ ಕಾಲೇಜಿಗಿ ಕಳಿಸಿದ್ರ ನಾ ಒಗ್ಯೂದಿಲ್ಲಂತ ಊರೆಲ್ಲಾ ಆಡಕೊಳ್ಳಾಕ? ಒಂದ ಸಲ ಹಿಂಡಿ ಕೊಡತೇನಿ" ಎಂದಳು. ಪ್ರಿನ್ಸಿಪಾಲರದೂ ಬರುತ್ತದೆ ಎಂದ ಮೇಲೆ ಸುಮ್ಮನಾದಳು. ಆದರೂ ಕಿತ್ತುಹೋಗಿದ್ದ ಒಂದು ಗುಂಡಿ ಹಚ್ಚಿಯೇ ಕೊಟ್ಟಳು.

ಐದು ಪೊಟ್ಟಣಗಳಾದವು: ಪರಪ್ಪನ ಅಂಗಿ, ಪ್ರಿನ್ಸಿಪಾಲರ ಅಂಗಿ, ಶೈಲಜಾರ ಒಂದು ಸೀರೆ, ಪೂನಮಳ ಒಂದು ಕಮೀಜು, ಅಂಗಡಿಯಿಂದ ತಂದ ಯಾರೂ ತೊಡದ ಒಂದು ಹೊಸ ಅಂಗಿ. ಆಫೀಸಿನ ಗುಮಾಸ್ತೆ ಅವಕ್ಕೆ ತೆಳ್ಳನೆಯ ಒಂದೇ ಬಗೆಯ ಚೀಲ ಹೊದಿಸಿ, ನಂಬರು ಹಾಕಿ, ಯಾವುದು ಯಾರದೆಂದು ಬರೆದ ಚೀಟಿಯನ್ನು ತನ್ನ ಕಪಾಟಿನಲ್ಲಿ ಇಟ್ಟುಕೊಂಡಳು. ದಿನಕ್ಕೊಂದನ್ನು ಪೂನಮ್ ಇಲಿಗಳಿಂದ ಒಂದು ಮೊಳ ದೂರ ಇಟ್ಟಳು. ಔಷಧ ಕೊಡಲಿಲ್ಲ. ಬರೀ ಬಾತ ಕಾಲು, ಬೆಳಕು, ಗಡಿಯಾರ.

ಐದನೆಯ ದಿನ ಚೀಟಿ ತೆಗೆದರು. ಹೊಸ ಅಂಗಿ, ಸೀರೆ, ಕಮೀಜು: ಮೂರಕ್ಕೂ ನಾಲ್ಕರ ಆಸುಪಾಸು. ಪರಪ್ಪನ ಅಂಗಿಗೆ ಆರೂವರೆ. ಪ್ರಿನ್ಸಿಪಾಲರ ಅಂಗಿಗೆ ಆರು ಮುಕ್ಕಾಲು. ಈ ಕಾಲು ಸೆಕೆಂಡಿನ ಫರಕಿಗೆ ಏನೂ ಅರ್ಥವಿಲ್ಲ ಎಂದು ಪೂನಮ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದಳು. ಪರಪ್ಪ ಒಪ್ಪಿಕೊಂಡ. ಓಣಿಯಲ್ಲಿ ಹೇಳುವಾಗ ಮಾತ್ರ ಆ ಕಾಲು ಸೆಕೆಂಡನ್ನು ಬಿಡದೆ ಹೇಳಿದ.

ಎಲ್ಲರೂ ನಕ್ಕರು, ಚಹಾ ಕುಡಿದರು. ಚಹಾ ಕುಡಿದು ಪರಪ್ಪ ಪ್ರಾಣಿಗಳ ಕೋಣೆಗೆ ಹೋಗಿ ಒಂದು ಇಲಿಯನ್ನು ಎತ್ತಿಕೊಂಡ. ಅದು ಯಾವಾಗಿನಂತೆ ತಣ್ಣಗಾಯಿತು. ಕಣ್ಣು ಅರಳಿತು, ಮೀಸೆ ನಿಂತಿತು. ಬೆರಳ ತುದಿಯಲ್ಲಿ ಅದರ ಎದೆ ಮುಟ್ಟಿ ನೋಡಿದ. ಒಳಗೆ ಹೊಲಿಗೆ ಯಂತ್ರ ಓಡಿದಂತೆ ಓಡುತ್ತಿತ್ತು. ಇಪ್ಪತ್ತಾರು ವರ್ಷದಿಂದ ಅದು ಹಾಗೆಯೇ ಓಡುತ್ತಿತ್ತು. ಇಲಿಯ ಎದೆ ಎಂದರೆ ಹಾಗೇ ಎಂದುಕೊಂಡಿದ್ದ. ಇಲಿಯನ್ನು ಕೆಳಗಿಟ್ಟು, ಕೈ ತೊಳೆದುಕೊಂಡು, ಮತ್ತೊಮ್ಮೆ ತೊಳೆದುಕೊಂಡ. ಅವತ್ತು ಬುತ್ತಿ ಬಿಚ್ಚಲಿಲ್ಲ.

ರೊಟ್ಟಿ ಹಾಗೆಯೇ ಮರಳಿ ಬಂದದ್ದನ್ನು ಕಂಡು ಸುಂದರವ್ವ ಕೇಳಿದಳು. ಅವನು ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋದ ಕಡೆಗೆ ನೋಡುತ್ತ ಹೇಳಿದ: "ಅಂಜಿ ಸುಮ್ನ ಕುಂತಿದ್ದುವು ಅವು. ನಾ ಅದನ್ನ ಮಾಯೆ ಅಂತ ತಿಳಕೊಂಡಿದ್ದೆ. ಎಷ್ಟ ಸಾವಿರ ಇಲಿ, ಸುಂದರವ್ವ. ಒಂದರ ಹೇಳಲಿಲ್ಲ."

"ಇಲಿ ಏನ್ ಹೇಳತಾವ? ನಾನೂ ಇಪ್ಪತ್ತೆಂಟ ವರ್ಷದಿಂದ ಸುಮ್ನ ಅದೇನಿ, ಯಾಕಂತ ನೀವು ಕೇಳೀರೇನ?"

ಪರಪ್ಪ ಗಾಬರಿಯಾದ. "ನೀನೂ ಅಂಜಿಕಿಗೇನ?"

"ಅಂಜಿಕಿ ಅಲ್ಲ. ನೀವು ಇಲಿ ಸುದ್ದಿ ಹೇಳಾಕ ಹತ್ತಿದ್ರ ನಡುವ ಬಾಯಿ ಹಾಕಾಕ ಜಾಗಾನ ಇರೂದಿಲ್ಲ."

ಅವನು ಆ ಮಾತನ್ನು ಪರೀಕ್ಷೆ ಮಾಡಲೆಂದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತ. ಸುಂದರವ್ವ ಒಂದೂವರೆ ತಾಸು ಮಾತಾಡಿದಳು. ನಡುವೆ ಅವನು ರೊಟ್ಟಿ ತಿಂದ.

ಮರುದಿನ ಅವನು ಶೈಲಜಾರ ಹತ್ತಿರ ಹೋಗಿ, ತನಗೆ ಬೇರೆ ಕೆಲಸ ಕೊಡಿ ಎಂದ. ಗ್ರಂಥಾಲಯವಾದರೂ ಆದೀತು, ಪುಸ್ತಕಗಳಿಗೆ ಮೂಗಿಲ್ಲ. ಶೈಲಜಾ ಆ ಲೇಖನವನ್ನೇ ಮತ್ತೆ ತೆಗೆದರು. "ಅದರಾಗ ಇನ್ನೊಂದ ಮಾತ ಐತಿ. ಗಂಡಸು ಅಲ್ಲೇ ಕುಂತರ, ಏನೂ ಮಾಡಲಾರದ ಕುಂತರ, ಒಂದ ತಾಸಿನೊಳಗ ಅಂಜಿಕಿ ಇಳೀತೈತಂತ. ವಾಸನಿ ಹೊಸಾದಿದ್ದಾಗಷ್ಟ ದಿಗಿಲು. ನೀವು ಯಾವಾಗ್ಲೂ ಬರತೀರಿ, ಕೆಲಸ ಮಾಡತೀರಿ, ಹೋಗತೀರಿ. ಕುಂತೇ ಇಲ್ಲ."

ಇಪ್ಪತ್ತಾರು ವರ್ಷದಲ್ಲಿ ಡ್ಯೂಟಿಯ ಮೇಲೆ ಸುಮ್ಮನೆ ಕುಳಿತುಕೊಳ್ಳಿರಿ ಎಂದು ಪರಪ್ಪನಿಗೆ ಯಾರೂ ಹೇಳಿರಲಿಲ್ಲ. ಪ್ರಿನ್ಸಿಪಾಲರು ಲಿಖಿತ ಅನುಮತಿ ಕೊಟ್ಟರು. ಅಂದಿನಿಂದ ಪರೀಕ್ಷೆ ಇರುವ ದಿನ ಅವನು ಒಂಬತ್ತಕ್ಕೇ ಬಂದು, ಇಲಿಗಳ ಎದುರು ಕುರ್ಚಿ ಹಾಕಿಕೊಂಡು, ಹತ್ತರವರೆಗೆ ಕುಳಿತ. ಪೇಪರು ಓದಬಹುದು, ಹಾಳೆ ಸದ್ದು ಮಾಡಬಾರದು. ಮೊದಲ ಕಾಲು ತಾಸು ಇಲಿಗಳು ಮೂಲೆಗೆ ಒತ್ತಿಕೊಂಡು ಕೂರುತ್ತಿದ್ದವು. ಆಮೇಲೆ ಒಂದು ಮೀಸೆ ಅಲುಗುತ್ತಿತ್ತು. ಆಮೇಲೆ ಒಂದು ಮೈ ನೆಕ್ಕಿಕೊಳ್ಳತೊಡಗುತ್ತಿತ್ತು. ಇಷ್ಟು ವರ್ಷ ತನ್ನೆದುರು ಇಲಿಗಳು ಮೈ ನೆಕ್ಕಿಕೊಂಡದ್ದನ್ನೇ ತಾನು ಕಂಡಿಲ್ಲ ಎನ್ನುವುದು ಪರಪ್ಪನಿಗೆ ಆಗ ತಿಳಿಯಿತು.

ಪೂನಮ್ ಪ್ರಯೋಗವನ್ನು ಮೊದಲಿಂದ ಮಾಡಿದಳು. ಪರಪ್ಪ ಕುರ್ಚಿಯಲ್ಲೇ ಇದ್ದ. ನೀರು ಕುಡಿದ ಗುಂಪಿನ ಮೊದಲ ಇಲಿಯ ಪಾದಕ್ಕೆ ಬೆಳಕು ಬಿತ್ತು. ಮೂರು ಸೆಕೆಂಡು. ನಾಲ್ಕಾಗುವಷ್ಟರಲ್ಲಿ ಇಲಿ ಪಾದವನ್ನು ಝಾಡಿಸಿ ಎತ್ತಿ, ಬಾಯಿಗಿಟ್ಟು ನೆಕ್ಕಿಕೊಂಡು, ಕಿಚ್ ಎಂದಿತು.

"ನಾಕು, ಕಾಕಾ!" ಎಂದಳು ಪೂನಮ್.

ಪರಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ. ಒಂದು ಇಲಿ ತನ್ನೆದುರು ನೋವು ತೋರಿಸಿತೆಂದು ಕಣ್ಣು ತುಂಬಿಕೊಳ್ಳುವುದು ಯಾರಿಗೂ ವಿವರಿಸುವಂಥ ಸಂಗತಿಯಾಗಿರಲಿಲ್ಲ. "ನೋಯತೈತಿ ಅದಕ್ಕ, ಲಗೂನ ಮುಗಸವ್ವ" ಎಂದಷ್ಟೇ ಹೇಳಿದ.

ಈ ಸಲ ಮೂರೂ ಔಷಧಗಳ ಗುಣ ನಿಚ್ಚಳವಾಗಿ ಬೇರೆಯಾಗಿ ಕಂಡಿತು. ಮೊದಲು ಕಂಡದ್ದಕ್ಕಿಂತ ಹೆಚ್ಚೇ ಕಂಡಿತು, ಏಕೆಂದರೆ ಹೋಲಿಸಲು ಈಗ ನಿಜವಾದ ನೋವು ಇತ್ತು. ಜನವರಿಯಲ್ಲಿ ಪ್ರಬಂಧ ಮುಗಿಯಿತು. ಅದರ ಎರಡನೆಯ ಅಧ್ಯಾಯದಲ್ಲಿ, ಪ್ರತಿ ಪರೀಕ್ಷೆಗೆ ಮುಂಚೆ ಒಬ್ಬ ಪುರುಷ ಸಿಬ್ಬಂದಿ ಅರವತ್ತು ನಿಮಿಷ ಕೋಣೆಯಲ್ಲಿ ಕುಳಿತಿದ್ದರು ಎಂಬ ಒಂದು ವಾಕ್ಯ ಇತ್ತು.

ಮೌಖಿಕ ಪರೀಕ್ಷೆಗೆ ಧಾರವಾಡದ ಕಡೆಯಿಂದ ಬಂದ ಹಿರಿಯರೊಬ್ಬರು ಆ ವಾಕ್ಯದ ಮೇಲೆಯೇ ಬೆರಳಿಟ್ಟರು. ಈ ಪುರುಷ ಸಿಬ್ಬಂದಿ ಯಾರು ಎಂದು ಕೇಳಿದರು. ಆಗಷ್ಟೇ ಚಹಾ ತಂದಿಡುತ್ತಿದ್ದ ಪರಪ್ಪನನ್ನು ಪೂನಮ್ ತೋರಿಸಿದಳು. ಹಿರಿಯರು ಕನ್ನಡಕ ತೆಗೆದು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಒಂದ ತಾಸು ಹೆಂಗ ಕುಂದರತಿದ್ರಿ?"

"ಕುರ್ಚಿ ಮ್ಯಾಲೆ ಸರ್" ಎಂದ ಪರಪ್ಪ, ಮತ್ತು ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದ.